ಬ್ಲೂಟೂತ್ ಓಬಿಡಿ ಸ್ಕ್ಯಾನರ್: ಟರ್ಬೋ ಗಾಡಿ ಇರೋರು ತಗೋಬೇಕಾ?

ಗಾಡಿಯ ಕಂಪ್ಯೂಟರಲ್ಲಿರೋ ಮಾಹಿತೀನ ಫೋನಲ್ಲಿ ತೋರ್ಸೋ ಈ ಸಾಧನ ಖಂಡಿತ ತಗೊಳ್ಳಿ, ಆದ್ರೆ ಎರರ್ ಕೋಡ್ ಓದೋಕೆ ಅಂತಲ್ಲ, ಲೈವ್ ಡೇಟಾ, ಅಂದ್ರೆ ಇಂಜಿನ್ ಓಡ್ತಿರುವಾಗಿನ ಸೆನ್ಸರ್ ರೀಡಿಂಗ್ ನೋಡೋಕೆ. ಕೋಡ್ ಓದೋ ಮಷಿನ್ ಯಾವ ಗ್ಯಾರೇಜಲ್ಲೂ ಇರತ್ತೆ. ಎರಡು ವರ್ಷದ ಮೇಲಾಯ್ತು ನಾನು ಇದನ್ನ ಬಳಸ್ತಾ, ಸ್ಟೇರಿಂಗ್ ಕೆಳಗಿರೋ 16 ಪಿನ್ ಪೋರ್ಟಿಗೆ ಹಾಕೋದು, ಫೋನಲ್ಲಿ ಆ್ಯಪ್ ಓಪನ್ ಮಾಡೋದು, ಅಷ್ಟೇ ಕೆಲ್ಸ.

ನಂದು 1.8 ಲೀಟರ್ ಟರ್ಬೋ ಪೆಟ್ರೋಲ್ ಸೆಡಾನ್, ಸೆಕೆಂಡ್ ಹ್ಯಾಂಡ್. ಓಡುವಾಗ ಏನೂ ತೊಂದ್ರೆ ಇರ್ಲಿಲ್ಲ, ನೆಲಮಂಗಲ ದಾಟಿ ಆಕ್ಸಿಲರೇಟರ್ ಒತ್ತಿದ್ರೆ ಒಳ್ಳೆ ಪಿಕಪ್ಪು, ಆದ್ರೆ ಸಿಗ್ನಲಲ್ಲಿ ನಿಂತ್ರೆ ಸೀಟೆಲ್ಲ ನಡುಗೋದು, ಎಸಿ ಕಂಪ್ರೆಸರ್ ಆನ್ ಆದ್ರಂತೂ ಆರ್‌ಪಿಎಂ ಮುಳ್ಳು 600ಕ್ಕೆ ಬಿದ್ದು ಮತ್ತೆ 900ಕ್ಕೆ ಏಳೋದು, ಜೊತೆಗೆ ಚೆಕ್ ಇಂಜಿನ್ ಲೈಟು ಬೇರೆ. ಗ್ಯಾರೇಜಲ್ಲಿ ಪಿ0300 ಬರ್ತಿದೆ ಅಂದ್ರು, ಅಂದ್ರೆ ಇಂಥದ್ದೇ ಸಿಲಿಂಡರ್ ಅಂತಿಲ್ಲ, ಅಲ್ಲಲ್ಲಿ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರೀದೇ ಇರೋದು). ಪ್ಲಗ್ಗು, ಪ್ಲಗ್ಗಿಗೆ ಕರೆಂಟ್ ಕೊಡೋ ನಾಲ್ಕೂ ಕಾಯಿಲ್ ಹಾಕೋಣ, ಹೋಗ್ಲಿಲ್ಲ ಅಂದ್ರೆ ಇಂಜೆಕ್ಟರ್ ಬಿಚ್ಚೋಣ ಅಂತ ಎಸ್ಟಿಮೇಟ್ ಕೊಟ್ರು. ಪ್ಲಗ್ ಹೇಗಿದ್ರೂ ಹಳೇದಾಗಿತ್ತು, ಹಾಕಿಸ್ದೆ. ನಡುಕ ಹಾಗೇ ಇತ್ತು.

ಆಗ್ಲೇ ಈ ಸ್ಕ್ಯಾನರ್ ತರಿಸಿದ್ದು. ಇಂಜಿನ್ ಪೂರ್ತಿ ಬಿಸಿಯಾದ್ಮೇಲೆ ಆ್ಯಪಲ್ಲಿ ಫ್ಯೂಯಲ್ ಟ್ರಿಮ್ ನೋಡ್ದೆ. ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್, ತನ್ನ ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಪೆಟ್ರೋಲ್ ಜಾಸ್ತಿ ಕಮ್ಮಿ ಮಾಡ್ತಿದೆ ಅನ್ನೋದೇ ಟ್ರಿಮ್ಮು, ಪ್ಲಸ್ ಮೈನಸ್ 5ರೊಳಗಿದ್ರೆ ಚಿಂತೆ ಇಲ್ಲ, 10 ದಾಟಿದ್ರೆ ಹುಡುಕ್ಬೇಕು. ಐಡಲಲ್ಲಿ (ಆಕ್ಸಿಲರೇಟರ್ ಒತ್ತದೇ ಇಂಜಿನ್ ಓಡ್ತಿರುವಾಗ) ಶಾರ್ಟ್ ಟರ್ಮ್ (ಆ ಕ್ಷಣದ್ದು), ಲಾಂಗ್ ಟರ್ಮ್ (ಇಸಿಯು ಕಲಿತಿಟ್ಕೊಂಡಿದ್ದು) ಎರಡೂ ಸೇರಿ ಪ್ಲಸ್ 18 ಇತ್ತು, 2500 ಆರ್‌ಪಿಎಂಗೆ ಏರಿಸಿ ಹಿಡ್ಕೊಂಡ್ರೆ 4ಕ್ಕೆ ಇಳೀತು. ಅಸಲಿ ವಿಷ್ಯ ಸಿಕ್ಕಿದ್ದೇ ಇಲ್ಲಿ. ಐಡಲಲ್ಲಿ ಥ್ರಾಟಲ್ (ಗಾಳಿ ಬಿಡೋ ಬಾಗಿಲು) ಹೆಚ್ಚುಕಮ್ಮಿ ಮುಚ್ಚಿರತ್ತೆ, ಸಿಲಿಂಡರಿಗೆ ಗಾಳಿ ಹಂಚೋ ಮ್ಯಾನಿಫೋಲ್ಡಲ್ಲಿ ವ್ಯಾಕ್ಯೂಮ್ ಇರತ್ತೆ, ಎಲ್ಲೋ ಸಣ್ಣ ತೂತಿದ್ರೂ ಒಳಹೋಗೋ ಗಾಳಿ ಅಳೆಯೋ ಮಾಫ್ ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಎಳ್ಕೊಳ್ಳತ್ತೆ, ಅದಕ್ಕೆ ಇಸಿಯು ಪೆಟ್ರೋಲ್ ಜಾಸ್ತಿ ಮಾಡತ್ತೆ, ಥ್ರಾಟಲ್ ತೆಗೆದು ಗಾಳಿ ಜಾಸ್ತಿ ಹೋಗೋಕೆ ಶುರುವಾದ್ರೆ ಅದ್ರ ಮುಂದೆ ಆ ಕಳ್ಳಗಾಳಿಯ ಪಾಲು ತೀರಾ ಚಿಕ್ಕದಾಗತ್ತೆ. ಪೆಟ್ರೋಲ್ ಪ್ರೆಶರ್ ಕಮ್ಮಿ ಇದ್ದಿದ್ರೆ ಉಲ್ಟಾ ಆಗ್ತಿತ್ತು, ಲೋಡ್ ಬಿದ್ದಾಗ್ಲೇ ಟ್ರಿಮ್ ಏರ್ತಿತ್ತು. ಮಾಫ್ ಇಲ್ದೆ ಬರೀ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಪ್ರೆಶರ್ ಅಳೆಯೋದು) ಮೇಲೆ ನಡೆಯೋ ಗಾಡೀಲಿ ಟ್ರಿಮ್ ಇಷ್ಟು ಸ್ಪಷ್ಟವಾಗಿ ಹೇಳಲ್ಲ, ಅಲ್ಲಿ ಐಡಲ್ ಆರ್‌ಪಿಎಂ ಏರಿದ್ಯಾ ಅಂತ ನೋಡಿ.

ಬಾನೆಟ್ ತೆಗೆದು ಐಡಲಲ್ಲೇ ಬಿಟ್ಟು ಕಿವಿ ಕೊಟ್ರೆ ಸಣ್ಣದಾಗಿ ಸುಂಯ್ ಅಂತ ಸೀಟಿ ಬರ್ತಿತ್ತು. ಆಯಿಲ್ ಕ್ಯಾಪ್ ತಿರುಗಿಸಿ ಎತ್ತೋಕೆ ಹೋದ್ರೆ ಒಳಗಿಂದ ಯಾರೋ ಹಿಡ್ಕೊಂಡಂಗೆ ಬಿಗಿ, ಡಿಪ್‌ಸ್ಟಿಕ್ ಎಳೆದ್ರೆ ಸೀಟಿ ಬಂದ್ ಆಗಿ ಇಂಜಿನ್ ತತ್ತರಿಸ್ತು. ಪಿಸಿವಿ ವಾಲ್ವು! ಇಂಜಿನ್ ಒಳಗಿನ ಹೊಗೆಯನ್ನ ಮತ್ತೆ ಮ್ಯಾನಿಫೋಲ್ಡಿಗೆ ಬಿಡೋ ವಾಲ್ವು ಅದು. ಬಿಚ್ಚಿದಾಗ ಒಳಗಿನ ರಬ್ಬರ್ ಡಯಾಫ್ರಾಂ ಅಂಚಲ್ಲಿ ಹರಿದು ನೇತಾಡ್ತಿತ್ತು. ಬೆಂಗಳೂರಿನ ಜೆಸಿ ರೋಡಿಂದ ಪಾರ್ಟ್ ತಂದು ಹಾಕಿಸ್ದೆ, ಟ್ರಿಮ್ 3ರ ಹತ್ರ ಬಂತು, ನಡುಕ ಹೋಯ್ತು, ಕಾಯಿಲ್ ಖರ್ಚು ಪೂರ್ತಿ ಉಳೀತು.

ಆಮೇಲೆ ಬಾಮೈದನ ಮೂರು ಸಿಲಿಂಡರ್ ಟರ್ಬೋ ಗಾಡೀಲೂ ಕೆಲ್ಸಕ್ಕೆ ಬಂತು. ಅವನಿಗೆ ಪಿ0302 (ಎರಡನೇ ಸಿಲಿಂಡರಲ್ಲಿ ಮಿಸ್‌ಫೈರ್) ಬರ್ತಿತ್ತು, ಎರಡನೇ ಕಾಯಿಲ್ ಮೂರಕ್ಕೆ ಅದಲುಬದಲು ಮಾಡಿ ಒಂದು ರೌಂಡ್ ಓಡಿಸಿದ್ವಿ, ಕೋಡ್ ಪಿ0303 ಆಯ್ತು, ಅಂದ್ರೆ ತೊಂದ್ರೆ ಕಾಯಿಲ್ ಜೊತೆ ಮೂರಕ್ಕೆ ಹೋಯ್ತು, ಒಂದೇ ಕಾಯಿಲ್ ಹಾಕಿ ಮುಗೀತು. ಟರ್ಬೋದಲ್ಲಿ ಪ್ಲಗ್ ಗ್ಯಾಪ್ ಕೂಡ ಮ್ಯಾನ್ಯುಯಲ್ಲಲ್ಲಿ ಇದ್ದಷ್ಟೇ ಇರ್ಲಿ, ಬೂಸ್ಟ್ ಪ್ರೆಶರಲ್ಲಿ ಗ್ಯಾಪ್ ಜಾಸ್ತಿ ಇದ್ರೆ ಸ್ಪಾರ್ಕ್ ಆರೋಗತ್ತೆ.

ಕೊರತೆ ಇಲ್ವಾ, ಇದೆ. ಎಬಿಎಸ್, ಏರ್‌ಬ್ಯಾಗ್ ಕೋಡ್ ಇದ್ರಲ್ಲಿ ಬರಲ್ಲ. ಪೋರ್ಟಲ್ಲೇ ಬಿಟ್ಟು ಗಾಡಿ ತುಂಬಾ ದಿನ ನಿಲ್ಸಿದ್ರೆ ಬ್ಯಾಟರಿ ಇಳಿಯತ್ತೆ, ಕಿತ್ತಿಡಿ. ಐಫೋನ್ ಇದ್ರೆ ಬ್ಲೂಟೂತ್ ಎಲ್‌ಇ ಅಥವಾ ವೈಫೈ ಇರೋದೇ ತಗೊಳ್ಳಿ, ಮಾಮೂಲಿ ಬ್ಲೂಟೂತ್ ಮಾಡೆಲ್ ಕನೆಕ್ಟ್ ಆಗಲ್ಲ. ಡೈರೆಕ್ಟ್ ಇಂಜೆಕ್ಷನ್ ಗಾಡೀಲಿ ಇನ್‌ಟೇಕ್ ವಾಲ್ವಿಗೆ ಕಾರ್ಬನ್ ಕಟ್ಟಿದ್ರೆ ಇದು ತೋರ್ಸಲ್ಲ, ಅದಕ್ಕೆ ಕ್ಯಾಮೆರಾ ಇಳಿಸೇ ನೋಡ್ಬೇಕು. ಇನ್ನೊಂದು ಮಾತು, ಗ್ಯಾರೇಜಿಗೆ ಬಿಡೋಕೆ ಮುಂಚೆ ಫ್ರೀಝ್ ಫ್ರೇಮ್ (ಕೋಡ್ ಬಿದ್ದ ಕ್ಷಣದ ರೀಡಿಂಗ್) ಸ್ಕ್ರೀನ್‌ಶಾಟ್ ತಗೊಂಡಿಡಿ, ಅವ್ರು ಕೋಡ್ ಕ್ಲಿಯರ್ ಮಾಡಿದ್ರೆ ಅದೂ ಅಳಿಸಿಹೋಗತ್ತೆ, ಟ್ರಿಮ್ಮೂ ಸೊನ್ನೆಯಿಂದ ಶುರು.