ನಾಲ್ಕು ಯು ರ‍್ಯಾಕ್ ಕೇಸ್: ಮಲೆನಾಡಿನ ಮಳೆಗಾಲಗಳನ್ನು ದಾಟಿದ ಮೇಲೆ

ಸಣ್ಣ ರ‍್ಯಾಕ್ ಕೇಸ್, ಅಂದರೆ ಮಿಕ್ಸರ್, ಆಂಪ್ಲಿಫೈಯರ್ (ಆಂಪ್) ಥರದ ಸೌಂಡ್ ಸಾಮಾನನ್ನು ಸ್ಕ್ರೂ ಹಾಕಿ ಕೂರಿಸಿ ಸಾಗಿಸುವ ಪೆಟ್ಟಿಗೆ, ಬೇಕು ಎನ್ನುವವರು ಮೊದಲು ಕೇಳುವುದು "ಎಷ್ಟು ಯು?" ಅಂತ. ಅದಕ್ಕೂ ಮುಂಚೆ ಕೇಳಬೇಕಾದದ್ದು ಆಳ. ಎತ್ತರ, ಅಗಲದಲ್ಲಿ ಗೊಂದಲವೇ ಇಲ್ಲ. ಯು ಎನ್ನುವುದು ಎತ್ತರದ ಅಳತೆ, ಒಂದು ಯು ಅಂದರೆ 1.75 ಇಂಚು, ಮಿಲಿಮೀಟರಿನಲ್ಲಿ 44.45. ಮುಂದಿನ ಪಟ್ಟಿಯ ಅಗಲ 19 ಇಂಚು. ಯಾವ ದೇಶದಲ್ಲಿ ಮಾಡಿದರೂ ಈ ಲೆಕ್ಕ ಒಂದೇ. ಆಳಕ್ಕೆ ಇಂಥ ಕಟ್ಟುಪಾಡು ಇಲ್ಲ, ಒಬ್ಬೊಬ್ಬರದು ಒಂದೊಂದು ಅಳತೆ. ಎಡವಟ್ಟಾಗುವುದು ಅಲ್ಲೇ.

ಚಿಕ್ಕಮಗಳೂರಿನಲ್ಲಿ ನಮ್ಮದು ಸಣ್ಣ ಮಟ್ಟದ ಸೌಂಡ್ ಕೆಲಸ. ಆರತಕ್ಷತೆ, ಸಂಘದ ವಾರ್ಷಿಕೋತ್ಸವ, ನವೆಂಬರಿನಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ, ನಡುವೆ ಯಾವುದೋ ಎಸ್ಟೇಟಿನ ಮನೆಯಲ್ಲಿ ಭಾವಗೀತೆ. ಮೂಡಿಗೆರೆ, ಬೇಲೂರು, ಹಾಸನದ ಕಡೆ ಓಡಾಟ ಜಾಸ್ತಿ. ಸಾಮಾನೆಲ್ಲ ಒಂದು ಓಮ್ನಿಯಲ್ಲಿ ಕೂರಬೇಕು, ಇಬ್ಬರು ಎತ್ತಬೇಕು. ಅದಕ್ಕೇ ಎರಡು ನಾಲ್ಕು ಯು ಕೇಸ್ ಇಟ್ಟುಕೊಂಡಿದ್ದೇನೆ. ಒಂದು ಹೊರದೇಶದ ಕಂಪನಿಯ ಮೌಲ್ಡೆಡ್ ಪ್ಲಾಸ್ಟಿಕ್‌ದು, ಆಳ ಕಡಿಮೆ. ಇನ್ನೊಂದು ಬೆಂಗಳೂರಿನಲ್ಲಿ ಅಳತೆ ಕೊಟ್ಟು ಮಾಡಿಸಿದ 9 ಮಿ.ಮೀ. ಪ್ಲೈವುಡ್‌ದು, ಅಂಚಿಗೆಲ್ಲ ಅಲ್ಯೂಮಿನಿಯಂ ಪಟ್ಟಿ.

ಪ್ಲಾಸ್ಟಿಕ್ ಕೇಸಿನಲ್ಲಿ ಟ್ಯಾಬ್ಲೆಟ್‌ನಿಂದ ನಡೆಸುವ ಡಿಜಿಟಲ್ ಮಿಕ್ಸರ್ ಇದೆ, ಬೆರಿಂಜರ್ ಎಕ್ಸ್‌ಆರ್18, ಮೈಡಾಸ್ ಎಂಆರ್18 ಥರದ್ದು. ಇವು ಕಿವಿ, ಅಂದರೆ ಕೇಸಿಗೆ ಬಿಗಿಯಲು ಎರಡು ಬದಿಗೆ ಹಾಕುವ ಪಟ್ಟಿ, ಹಾಕಿದರೆ ಮೂರು ಯು ತಗೊಳ್ಳುತ್ತವೆ. ಉಳಿದ ಒಂದು ಯುನಲ್ಲಿ ಪಕ್ಕಪಕ್ಕ ಎರಡು ಅರ್ಧ ರ‍್ಯಾಕ್ ವೈರ್‌ಲೆಸ್ ರಿಸೀವರ್. ಪ್ಲೈವುಡ್ ಕೇಸಿನಲ್ಲಿ ಎರಡು ಯುನ ಕ್ಲಾಸ್ ಡಿ ಎಂಬ ಹಗುರ ಬಗೆಯ ಆಂಪ್, ಅದರ ಮೇಲೆ ಗಾಳಿಗೆ ಒಂದು ಯು ತೂತಿನ ಪಟ್ಟಿ, ಮೇಲ್ಗಡೆ ಕರೆಂಟ್ ಹಂಚುವ ಡಬ್ಬಿ.

ಈಗ ಆಳದ ಲೆಕ್ಕ. ಆಂಪ್ ಹತ್ತು ಇಂಚು ಇದೆ, ಕೇಸ್ ಹನ್ನೆರಡು ಇಂಚು ಇದೆ, ಸಾಕಲ್ವಾ ಅನಿಸುತ್ತದೆ. ಸಾಲದು. ಹಿಂದೆ ಸ್ಪೀಕಾನ್, ಅಂದರೆ ಸ್ಪೀಕರ್ ಕೇಬಲ್ಲಿನ ಪ್ಲಗ್, ಚುಚ್ಚಿ ನೋಡಿ. ಪ್ಲಗ್ ಒಂದಷ್ಟು ಹೊರಗೆ ಬರುತ್ತದೆ, ಆಮೇಲೆ ಕೇಬಲ್ ಬಾಗಲು ಇನ್ನೊಂದಿಷ್ಟು ಜಾಗ ಬೇಕು. ಒಟ್ಟು ಮೂರರಿಂದ ನಾಲ್ಕು ಇಂಚು ಅಲ್ಲೇ ಹೋಯಿತು. ಜಾಗ ಸಾಲದೆ ಕೇಬಲ್ಲನ್ನು ಬಲವಂತವಾಗಿ ಮಡಚಿದರೆ ಪ್ಲಗ್ಗಿನ ಬುಡದಲ್ಲೇ ತಂತಿ ಮುರಿಯುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಎಲ್ಲ ಪ್ಲಗ್ ಹಾಕಿ, ಮುಂದಿನ ಕಿವಿಯಿಂದ ಕೇಬಲ್ ಬಾಗುವ ಜಾಗದವರೆಗೆ ಟೇಪ್ ಹಿಡಿಯಿರಿ. ಅದೇ ನಿಮ್ಮ ಆಳ. ಕಂಪನಿಯ ಕಾಗದದಲ್ಲಿರುವುದು ಬರೀ ಡಬ್ಬಿಯ ಅಳತೆ.

ಮುಂಭಾಗವನ್ನು ಯಾರೂ ಅಳೆಯುವುದಿಲ್ಲ. ನಾನು ಹೇಳಿದ ಥರದ ಮಿಕ್ಸರ್‌ಗಳಲ್ಲಿ ಮೈಕಿನ ಸಾಕೆಟ್ಟುಗಳು ಮುಂದೆಯೇ ಇರುತ್ತವೆ. ಕೇಸಿನ ಹಳಿ, ಅಂದರೆ ಕಿವಿಗೆ ಸ್ಕ್ರೂ ಹಾಕುವ ತೂತಿನ ಲೋಹದ ಪಟ್ಟಿ, ಅಂಚಿನಿಂದ ಎಷ್ಟು ಒಳಗಿದೆ ಎನ್ನುವುದರ ಮೇಲೆ ಮುಚ್ಚಳ ಕೂರುವುದು ನಿಂತಿದೆ. ನನ್ನ ಪ್ಲಾಸ್ಟಿಕ್ ಕೇಸಿನಲ್ಲಿ ಗುಬುಟುಗಳಿಗೆ ಏನೂ ತೊಂದರೆ ಇಲ್ಲ. ಪ್ಲಗ್ಗುಗಳನ್ನು ಚುಚ್ಚಿಟ್ಟೇ ಮುಚ್ಚಳ ಹಾಕಲು ಮಾತ್ರ ಆಗುವುದಿಲ್ಲ, ಪ್ರತಿ ಸಲ ಬಿಚ್ಚಿ ಹಾಕಬೇಕು. ಪ್ಲೈವುಡ್‌ನವರಿಗೆ ಹೇಳಿದರೆ ಹಳಿಯನ್ನು ಬೇಕಾದಷ್ಟು ಒಳಗೆ ಕೂರಿಸಿಕೊಡುತ್ತಾರೆ. ಮಾಡಿಸಿದ ಕೇಸಿನ ದೊಡ್ಡ ಲಾಭ ಇದು.

ತೂಕದಲ್ಲಿ ಪ್ಲಾಸ್ಟಿಕ್ ಗೆಲ್ಲುತ್ತದೆ, ಅದರಲ್ಲಿ ಮಾತಿಲ್ಲ. ಎಸ್ಟೇಟ್ ಮನೆಗಳ ಮೆಟ್ಟಿಲು ಹತ್ತುವಾಗ ನಮ್ಮ ಹುಡುಗರು ಮೊದಲು ಕೈ ಹಾಕುವುದು ಅದಕ್ಕೇ.

ಇನ್ನು ಮಳೆ. ಈ ಕಡೆಯವರು ಬರೆಯದಿದ್ದರೆ ಬೇರೆ ಯಾರೂ ಬರೆಯದ ವಿಷಯ ಇದು. ಆಷಾಢದಲ್ಲಿ ನಮ್ಮಲ್ಲಿ ಮದುವೆ ಇಲ್ಲ. ಮಳೆ ಜೋರಾಗಿರುವುದೂ ಆವಾಗಲೇ. ಅಂದರೆ ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನಗಳಲ್ಲೇ ಕೇಸ್ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿರುತ್ತದೆ. ಒಂದು ವರ್ಷ ಗಣಪತಿ ಹಬ್ಬದ ಬುಕಿಂಗಿಗೆ ಪ್ಲೈವುಡ್ ಕೇಸ್ ತೆಗೆದಾಗ ಹುಡುಗ "ಅಣ್ಣ, ಏನೋ ವಾಸನೆ" ಅಂದ. ಮುಚ್ಚಳದ ಒಳಗಿನ ಫೋಮಿನ ಏಣುಗಳ ಮೇಲೆ ಸಾಲುಸಾಲಾಗಿ ಬಿಳಿ ಬೂಷ್ಟು, ತಗ್ಗಿನಲ್ಲಿ ಹಸಿರು. ಕೈಗೆ ಜಿಗುಟು. ಆಂಪಿನ ಮುಂಭಾಗದಲ್ಲಿ ಫೋಮ್ ತಾಗುತ್ತಿದ್ದ ಕಡೆಯ ಸ್ಕ್ರೂ ತಲೆಗಳಿಗೆ ಮಾತ್ರ ತುಕ್ಕು, ಪಕ್ಕದವು ಹೊಸದರಂತೆ ಹೊಳೆಯುತ್ತಿದ್ದವು. ನೀರು ಹೊರಗಿನಿಂದ ನುಗ್ಗಿರಲಿಲ್ಲ. ಮಳೆಯಲ್ಲಿ ಮುಗಿದ ಕಾರ್ಯಕ್ರಮದ ತೇವವನ್ನು ಫೋಮ್ ಹೀರಿಕೊಂಡಿತ್ತು, ಬಿಗಿ ಮುಚ್ಚಳ ಅದನ್ನು ಹೊರಗೆ ಹೋಗಲು ಬಿಟ್ಟಿರಲಿಲ್ಲ.

ಆ ಫೋಮ್ ಕಿತ್ತು ಎಸೆದು, ನೀರು ಹೀರದ ದಪ್ಪ ರಬ್ಬರ್ ಹಾಳೆಯನ್ನು ನಾಲ್ಕು ಮೂಲೆಗೆ ಮಾತ್ರ ಅಂಟಿಸಿದೆ. ಮಳೆಗಾಲದಲ್ಲಿ ಮುಚ್ಚಳ ಹಾಕುವುದೇ ಇಲ್ಲ, ಮೇಲೊಂದು ಹತ್ತಿ ಬಟ್ಟೆ ಅಷ್ಟೇ. ವಾರಕ್ಕೊಮ್ಮೆ ಎಲ್ಲ ಆನ್ ಮಾಡಿ ಒಂದೆರಡು ಗಂಟೆ ಬಿಡುತ್ತೇನೆ, ಆ ಬಿಸಿಗೇ ಒಳಗಿನ ಥಂಡಿ ಹೋಗುತ್ತದೆ. ಸಾಗಿಸುವಾಗ ಸಿಲಿಕಾ ಜೆಲ್ ಚೀಲ ಇಡುತ್ತೇನೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಸುಮ್ನೆ ಚೀಲ ಹಾಕಿಟ್ಟು ವರ್ಷಗಟ್ಟಲೆ ಮರೆತರೆ ಏನೂ ಪ್ರಯೋಜನ ಇಲ್ಲ.

ಪ್ಲೈವುಡ್ ಬಗ್ಗೆ ಇನ್ನೊಂದು ಮಾತು. ಮೇಲಿನ ಲ್ಯಾಮಿನೇಟ್ ನೋಡಿ ಮರುಳಾಗಬೇಡಿ. ಹ್ಯಾಂಡಲ್, ಲಾಚ್ (ಮುಚ್ಚಳದ ಕೊಂಡಿ) ಕೂರಿಸಲು ಕೊರೆದ ತೂತಿನ ಅಂಚು ನೋಡಿ. ಅಲ್ಲಿ ಏನೂ ಹಚ್ಚದ ಬರೀ ಮರ ಕಾಣುತ್ತಿದ್ದರೆ ನೀರು ಹೀರಿ ಉಬ್ಬುವುದು ಅಲ್ಲಿಂದಲೇ. ಮಾಡಿಸುವಾಗಲೇ ವಾರ್ನಿಷ್ ಹಚ್ಚಿಸಿಕೊಳ್ಳಿ.

ಲಾಚಿನ ಕತೆ ಬೇಸರದ್ದು. ಪ್ಲಾಸ್ಟಿಕ್ ಕೇಸಿನ ಲಾಚ್ ಹೊರಗೆ ಚಾಚಿಕೊಂಡಿದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಸ್ಪೀಕರ್ ಸ್ಟ್ಯಾಂಡ್ ಉರುಳಿ ಬಂದು ತಾಗಿತು, ಒಂದು ಮುರಿಯಿತು. ಕಂಪನಿಗೆ ಮೇಲ್ ಹಾಕಿದರೆ ಬಿಡಿಭಾಗ ಇಲ್ಲಿಗೆ ಕಳಿಸುವುದಿಲ್ಲ ಎಂಬ ಎರಡು ಸಾಲಿನ ಉತ್ತರ. ಅಷ್ಟು ಹಣ ತಗೊಂಡು ಒಂದು ಕೊಂಡಿ ಕಳಿಸಲು ಆಗದೇ? ಈಗ ಅಲ್ಲಿ ಪೆಟ್ಟಿಗೆಗೆ ಹಾಕುವ ಸಾಮಾನ್ಯ ಕಬ್ಬಿಣದ ಕೊಂಡಿ ಇದೆ, ರಿವೆಟ್ ಹೊಡೆಸಿದ್ದು. ಪ್ಲೈವುಡ್ ಕೇಸಿನದು ತಿರುಗಿಸುವ ಚಿಟ್ಟೆ ಲಾಚ್, ಲೋಹದ ತಟ್ಟೆಯೊಳಗೆ ತಗ್ಗಿನಲ್ಲಿ ಕೂತಿರುತ್ತದೆ. ಏನು ಬಂದು ಬಡಿದರೂ ತಾಗುವುದಿಲ್ಲ, ಕೆಟ್ಟರೆ ಹೊಸದು ಬೆಂಗಳೂರಿನಲ್ಲಿ ಸಿಗುತ್ತದೆ.

ಸ್ಕ್ರೂ ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಮೆರಿಕದ ಕಡೆಯ ಕೇಸುಗಳ ಹಳಿಯಲ್ಲಿ ಸಾಮಾನ್ಯವಾಗಿ 10-32 ಎಂಬ ಇಂಚಿನ ಲೆಕ್ಕದ ಮರೆ (ಸ್ಕ್ರೂ ತಿರುಗಿ ಕೂರುವ ಸುರುಳಿ ಗೆರೆ) ಇರುತ್ತದೆ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಮಿಲಿಮೀಟರ್ ಲೆಕ್ಕದ ಎಂ5, ಎಂ6. 10-32ರ ದಪ್ಪ 4.8 ಮಿ.ಮೀ., ಎಂ5ರದು 5. ಮರೆಯ ಅಂತರವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎಂ5 ಹಾಕಿದರೆ ಮೊದಲೆರಡು ಸುತ್ತು ಸರಾಗ, ಆಮೇಲೆ ಬಿಗಿ. ಬಲ ಹಾಕಿ ತಿರುಗಿಸಿದರೋ ಹಳಿಯ ಮರೆಯೇ ಹೋಯಿತು. ನಾನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ಸರಿಯಾದ ಸ್ಕ್ರೂ, ಪ್ಲಾಸ್ಟಿಕ್ ವಾಷರ್ ಎರಡೂ ಜಾಸ್ತಿಯೇ ತಂದಿಟ್ಟಿದ್ದೇನೆ. ಹೊಸದಾಗಿ ಮಾಡಿಸುವುದಾದರೆ ಎಂ6 ಕೇಜ್ ನಟ್ (ತೂತಿಗೆ ಸಿಕ್ಕಿಸಿ, ಬೇಕಾದಾಗ ತೆಗೆಯಬಹುದಾದ ನಟ್) ಹಾಕುವ ಚೌಕ ತೂತಿನ ಹಳಿ ಕೇಳಿ. ನಟ್ ಕೆಟ್ಟರೆ ನಟ್ ಮಾತ್ರ ಬದಲಿಸಿದರೆ ಸಾಕು.

ಟ್ರಾನ್ಸ್‌ಫಾರ್ಮರ್ ಇರುವ ಹಳೇ ಭಾರದ ಆಂಪ್ ಇದ್ದವರಿಗೆ ಈ ಕಡಿಮೆ ಆಳದ ಕೇಸ್ ಬೇಡವೇ ಬೇಡ. ಇಪ್ಪತ್ತು ಕೆಜಿಯನ್ನು ಮುಂದಿನ ಎರಡು ಕಿವಿಯ ಮೇಲೆ ನೇತುಹಾಕಿ ನಮ್ಮ ರಸ್ತೆಗಳಲ್ಲಿ ಹೋದರೆ ಕಿವಿ ಬಾಗುತ್ತದೆ. ಅದಕ್ಕೆ ಹಿಂದೆಯೂ ಹಳಿ ಇರುವ, ಆಳದ ಪ್ಲೈವುಡ್ ಕೇಸೇ ಬೇಕು. ವೈರ್‌ಲೆಸ್ ಮೈಕ್ ಇಟ್ಟವರು ಆಂಟೆನಾವನ್ನು ಮುಂದಕ್ಕೆ ತನ್ನಿ. ಮಿಕ್ಸರಿನ ತಗಡಿನ ಹಿಂದೆ ಬಿಟ್ಟರೆ ಛತ್ರದ ಅರ್ಧ ದಾಟುವಷ್ಟರಲ್ಲಿ ದನಿ ಕಡಿಯುತ್ತದೆ. ಮಿಕ್ಸರಿನ ವೈಫೈಗೂ ಇದೇ ಮಾತು, ಬೇರೆ ರೂಟರ್ ಇಟ್ಟು ಕೇಸಿನ ಮೇಲೆ ನಿಲ್ಲಿಸುವುದು ವಾಸಿ.

ಇವತ್ತು ಒಂದೇ ಕೊಳ್ಳುವುದಾದರೆ ನಾನು ಪ್ಲೈವುಡ್‌ದನ್ನೇ ಮಾಡಿಸುತ್ತೇನೆ, ಒಳಗೆ ಫೋಮ್ ಇಲ್ಲದೆ. ಒಬ್ಬರೇ ಹೊತ್ತು ಓಡಾಡುವ ಹಾಡುಗಾರರು, ಹರಿಕಥೆಯವರು ಪ್ಲಾಸ್ಟಿಕ್ ತಗೊಳ್ಳಲಿ. ಬಿಡಿ ಲಾಚ್ ಸಿಗುತ್ತದಾ ಎಂದು ಹಣ ಕೊಡುವ ಮುಂಚೆಯೇ ಕೇಳಿಬಿಡಿ. ಸೆಕೆಂಡ್ ಹ್ಯಾಂಡ್ ಆದರೆ ಹಳಿಯ ಪ್ರತಿ ತೂತಿಗೂ ಒಂದು ಸ್ಕ್ರೂ ಕೈಯಲ್ಲೇ ತಿರುಗಿಸಿ ನೋಡಿ ಆಮೇಲೆ ಬೆಲೆ ಮಾತಾಡಿ.