ಸೇಂಟ್ ಜಾನ್ ಇಲ್ಲದ 'ಜೇನ್ ಏರ್' ನನಗೆ ಬೇಡ

'ಜೇನ್ ಏರ್' ಕಾದಂಬರಿ ಓದಿದವರ ನಡುವೆ ಸಿನಿಮಾ ಮಾತು ಬಂದರೆ ಸಾಕು, ಜಗಳ ಶುರು. ಕತೆಯ ನಾಯಕ ರಾಚೆಸ್ಟರ್ ಪಾತ್ರಕ್ಕೆ ನಿಮ್ಮ ನಟ ಯಾರು ಅಂತ. ಟಿಮೊಥಿ ಡಾಲ್ಟನ್ ಅನ್ನುವವರದ್ದು ಒಂದು ಪಕ್ಷ, ಟೋಬಿ ಸ್ಟೀಫನ್ಸ್ ಅನ್ನುವವರದ್ದು ಇನ್ನೊಂದು, ಮೈಕೆಲ್ ಫಾಸ್‌ಬೆಂಡರ್ ಅನ್ನುವವರದ್ದು ಮತ್ತೊಂದು. ಕಪ್ಪು-ಬಿಳುಪು ಸಿನಿಮಾ ನೋಡಿ ಬೆಳೆದವರು ಆರ್ಸನ್ ವೆಲ್ಸ್‌ನನ್ನು ಬಿಟ್ಟುಕೊಡುವುದೇ ಇಲ್ಲ. ನನ್ನಕ್ಕ ಡಾಲ್ಟನ್ ಪಕ್ಷ, ಅವಳ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ನನ್ನ ಲೆಕ್ಕ ಬೇರೆ. ಸೇಂಟ್ ಜಾನ್ ರಿವರ್ಸ್‌ಗೆ ಎಷ್ಟು ಜಾಗ ಕೊಟ್ಟಿದ್ದಾರೆ ಅಂತ ಮೊದಲು ನೋಡುತ್ತೇನೆ.

ಅವನ್ಯಾರು ಅಂತ ಕೇಳುವವರೇ ಜಾಸ್ತಿ. ಶಾರ್ಲೆಟ್ ಬ್ರಾಂಟೆಯ ಈ ಕಾದಂಬರಿ 1847ರಲ್ಲಿ ಬಂತು. ಅನಾಥ ಹುಡುಗಿ ಜೇನ್ ಥಾರ್ನ್‌ಫೀಲ್ಡ್ ಎಂಬ ದೊಡ್ಡ ಮನೆಗೆ ಮಗುವಿಗೆ ಪಾಠ ಹೇಳಲು ಬರುತ್ತಾಳೆ. ಯಜಮಾನ ರಾಚೆಸ್ಟರ್ ಮೇಲೆ ಅವಳಿಗೆ, ಅವಳ ಮೇಲೆ ಅವನಿಗೆ ಪ್ರೀತಿ. ಮದುವೆಯ ದಿನ ಇಗರ್ಜಿಯಲ್ಲೇ ಗೊತ್ತಾಗುತ್ತದೆ, ಅವನ ಹೆಂಡತಿ ಬರ್ಥಾ ಬದುಕಿದ್ದಾಳೆ, ಅದೇ ಮನೆಯ ಮೇಲಂತಸ್ತಿನಲ್ಲಿ ಬಂದಿಯಾಗಿದ್ದಾಳೆ. ಜೇನ್ ಮನೆ ಬಿಟ್ಟು ಹೋಗುತ್ತಾಳೆ. ಇಲ್ಲಿವರೆಗಿನದು ಎಲ್ಲರಿಗೂ ನೆನಪಿರುತ್ತದೆ. ಕೊನೆಗೆ, ಮನೆಗೆ ಬೆಂಕಿ ಬಿದ್ದು ಬರ್ಥಾ ಸತ್ತ ಮೇಲೆ, ಕುರುಡನಾದ ರಾಚೆಸ್ಟರ್ ಹತ್ತಿರ ವಾಪಸ್ ಬರುವುದೂ ನೆನಪಿರುತ್ತದೆ. ನಡುವಿನದು ಮಾತ್ರ ಮರೆತುಹೋಗುತ್ತದೆ.

ಆ ನಡುವೆ ಏನೆಲ್ಲ ಆಗುತ್ತದೆ ನೋಡಿ. ಹೊಟ್ಟೆಗಿಲ್ಲದೆ ಬಯಲಿನಲ್ಲಿ ಅಲೆದ ಜೇನ್ ಮೂರ್ ಹೌಸ್ ಎಂಬ ಮನೆಯ ಬಾಗಿಲಲ್ಲಿ ಕುಸಿಯುತ್ತಾಳೆ. ಅಲ್ಲಿ ಪಾದ್ರಿ ಸೇಂಟ್ ಜಾನ್, ಅವನ ತಂಗಿಯರು ಡಯಾನಾ ಮತ್ತು ಮೇರಿ. ಜೇನ್ ಹಳ್ಳಿಯ ಶಾಲೆಯಲ್ಲಿ ಟೀಚರ್ ಆಗುತ್ತಾಳೆ. ಚಿಕ್ಕಪ್ಪನ ಆಸ್ತಿ 20,000 ಪೌಂಡ್ ಅವಳ ಪಾಲಿಗೆ ಬರುತ್ತದೆ. ಈ ಮೂವರು ತನ್ನ ಸೋದರತ್ತೆಯ ಮಕ್ಕಳು ಅಂತ ಗೊತ್ತಾದ ಮೇಲೆ ಅದನ್ನು ನಾಲ್ಕು ಪಾಲು ಮಾಡಿ ತಲಾ 5,000 ಹಂಚಿಬಿಡುತ್ತಾಳೆ. ಆಮೇಲೆ ಸೇಂಟ್ ಜಾನ್ ಮದುವೆಯಾಗು ಅನ್ನುತ್ತಾನೆ. ಪ್ರೀತಿ ಗೀತಿ ಏನಿಲ್ಲ. ಇಂಡಿಯಾಕ್ಕೆ ಧರ್ಮ ಪ್ರಚಾರಕ್ಕೆ ಹೋಗಬೇಕು, ಕೆಲಸಕ್ಕೆ ಒಬ್ಬಳು ಹೆಂಡತಿ ಬೇಕು, ಅಷ್ಟೇ. ಅದಕ್ಕೆ ಮುಂಚೆಯೇ ಅವಳ ಜರ್ಮನ್ ಕಲಿಕೆ ಬಿಡಿಸಿ ಹಿಂದೂಸ್ತಾನಿ ಕಲಿಯಲು ಕೂರಿಸಿರುತ್ತಾನೆ! ಇಂಗ್ಲೆಂಡಿನ ಆ ಚಳಿಯಲ್ಲಿ ಜೇನ್ ಹಿಂದೂಸ್ತಾನಿ ಬಾಯಿಪಾಠ ಮಾಡುವುದನ್ನು ನೆನೆಸಿಕೊಂಡರೆ ನನಗೆ ನಗು ಬರುತ್ತದೆ. ಆದರೆ ಅವನ ಮಾತಿಗಿರುವ ಹಿಡಿತ ನಗುವಂಥದ್ದಲ್ಲ. ಜೇನ್ ಇನ್ನೇನು ಹೂಂ ಅನ್ನುವವಳಿದ್ದಾಳೆ.

ಅಲ್ಲಿಂದ ಬಿಡಿಸಿಕೊಂಡು, ಕೈಯಲ್ಲಿ ತನ್ನದೇ ದುಡ್ಡು ಇಟ್ಟುಕೊಂಡು, ಬೇರೆ ದಾರಿ ಇದ್ದರೂ ಬೇಡ ಅಂತ ಹೇಳಿ ಅವಳು ರಾಚೆಸ್ಟರ್ ಹತ್ತಿರ ಹೋಗುತ್ತಾಳೆ. ಇದನ್ನು ಕತ್ತರಿಸಿದರೆ ಉಳಿಯುವುದು ಅವನ ಹೆಂಡತಿ ಸತ್ತ ಮೇಲೆ ವಾಪಸ್ ಬಂದ ಒಬ್ಬ ಹುಡುಗಿಯ ಕತೆ.

1943ರ ಸಿನಿಮಾ ಮಾಡಿದ್ದು ಅದನ್ನೇ. ಜೋನ್ ಫಾಂಟೇನ್ ಜೇನ್, ವೆಲ್ಸ್ ರಾಚೆಸ್ಟರ್. ರಿವರ್ಸ್ ಅನ್ನುವ ಹೆಸರನ್ನು ಜೇನ್ ಓದಿದ ಲೋವುಡ್ ಶಾಲೆಯ ಡಾಕ್ಟರ್‌ಗೆ ಕೊಟ್ಟು ಕೈ ತೊಳೆದುಕೊಂಡಿದ್ದಾರೆ. ಥಾರ್ನ್‌ಫೀಲ್ಡ್ ಬಿಟ್ಟ ಜೇನ್ ಸೀದಾ ತಾನು ಚಿಕ್ಕಂದಿನಲ್ಲಿ ಬೆಳೆದ ಅತ್ತೆಯ ಮನೆಗೇ ಹೋಗುತ್ತಾಳೆ. ಇನ್ನೊಂದು ತಮಾಷೆ: ಶುರುವಿನಲ್ಲಿ ಪುಸ್ತಕ ತೆರೆದು ಸಾಲುಗಳನ್ನು ತೋರಿಸುತ್ತಾರೆ, ಆ ಸಾಲುಗಳು ಕಾದಂಬರಿಯಲ್ಲೇ ಇಲ್ಲ. ಆದರೂ ಮಂಜು, ನೆರಳು, ಬರ್ನಾರ್ಡ್ ಹರ್ಮನ್ ಸಂಗೀತ ಸೇರಿ ಬೇರೆ ಯಾವುದರಲ್ಲೂ ಇಲ್ಲದ ಭಯ ಹುಟ್ಟಿಸುತ್ತವೆ. ಜೇನ್ ಶಾಲೆಯ ಗೆಳತಿ ಹೆಲೆನ್ ಬರ್ನ್ಸ್ ಆಗಿರುವ ಪುಟ್ಟ ಹುಡುಗಿ ಎಲಿಜಬೆತ್ ಟೇಲರ್. ಟೈಟಲ್ಸ್‌ನಲ್ಲಿ ಅವಳ ಹೆಸರೂ ಇಲ್ಲ. ಫಾಂಟೇನ್ ಮಾತ್ರ ಪೂರ್ತಿ ಬೆದರಿದ ಮುಖದಲ್ಲೇ ಇರುತ್ತಾಳೆ. ವೆಲ್ಸ್ ಒಂದು ಮಾತಾಡಿದರೆ ಅವಳು ಗೋಡೆಗೆ ಅಂಟಿಕೊಳ್ಳುತ್ತಾಳೇನೋ ಅನ್ನಿಸುತ್ತದೆ. ಪುಸ್ತಕದ ಜೇನ್ ಹಾಗಲ್ಲ, ಎದುರುತ್ತರ ಕೊಡುವವಳು.

ಫ್ರಾಂಕೋ ಜೆಫಿರೆಲ್ಲಿಯ 1996ರ ಸಿನಿಮಾದಲ್ಲಿ ಜೇನ್ ಆದ ಶಾರ್ಲೆಟ್ ಗೇನ್ಸ್‌ಬೂರ್ ನನಗೆ ತುಂಬಾ ಇಷ್ಟ. ಮುಖದಲ್ಲಿ ಹಟ ಇದೆ, ಅಲಂಕಾರ ಇಲ್ಲ. ಆದರೆ ರಾಚೆಸ್ಟರ್ ಆದ ವಿಲಿಯಂ ಹರ್ಟ್ ಎದುರಿಗೆ ನಿಂತರೆ ಇಬ್ಬರ ನಡುವೆ ಏನೂ ಹುಟ್ಟುವುದಿಲ್ಲ. ಅವಳು ಗಾಡಿ ಹತ್ತಿ ಹೊರಡುವುದೂ ಮನೆಗೆ ಬೆಂಕಿ ಬೀಳುವುದೂ ಒಟ್ಟಿಗೇ. ಇಷ್ಟು ಅವಸರ ಯಾಕೋ! 1997ರ ಟಿವಿ ಸಿನಿಮಾದಲ್ಲಿ ಸಮಾಂತಾ ಮಾರ್ಟನ್ ಚೆನ್ನಾಗಿದ್ದಾಳೆ, ಸಿಯರನ್ ಹೈಂಡ್ಸ್ ಕೂಗಾಟ ಜಾಸ್ತಿ. ಅದರ ಬಗ್ಗೆ ಇಷ್ಟು ಸಾಕು.

ಇನ್ನು ಅಕ್ಕನ ಮೆಚ್ಚಿನ, ಡಾಲ್ಟನ್ ಇರುವ 1983ರ ಸರಣಿ. ಬಿಬಿಸಿಯವರು ಅರ್ಧ ಅರ್ಧ ಗಂಟೆಯ 11 ಕಂತು ಮಾಡಿದ್ದು. ಹೊಸಬರು ಮೊದಲ ಕಂತಿಗೇ ಮುಖ ಸಿಂಡರಿಸುತ್ತಾರೆ. ಸೆಟ್ ಸೆಟ್ ಥರವೇ ಕಾಣುತ್ತದೆ, ಬೆಳಕು ಚಪ್ಪಟೆ, ಕ್ಯಾಮೆರಾ ಹೆಚ್ಚು ಕದಲುವುದಿಲ್ಲ. ನಾಟಕ ನೋಡಿದ ಹಾಗಿದೆ ಅನ್ನುವ ದೂರು ನಿಜವೇ. ಆದರೆ ಬ್ರಾಂಟೆ ಬರೆದ ಮಾತುಗಳು ಇಷ್ಟು ಉದ್ದಕ್ಕೆ, ಇಷ್ಟು ಸರಾಗವಾಗಿ ಬೇರೆ ಕಡೆ ಕೇಳಿಸುವುದಿಲ್ಲ. ರಾಚೆಸ್ಟರ್ ಭವಿಷ್ಯ ಹೇಳುವ ಮುದುಕಿಯ ವೇಷ ಹಾಕಿ ಅತಿಥಿಗಳನ್ನು ಮಂಗ ಮಾಡುವ ಸೀನ್ ಇದೆಯಲ್ಲ, ಇಲ್ಲಿ ಅದನ್ನು ಬಿಟ್ಟಿಲ್ಲ. 2006ರ ಟಿವಿ ಸರಣಿಯಲ್ಲಿ ಅವನ ಬದಲು ಬೇರೆ ಹೆಂಗಸನ್ನು ಕೂರಿಸಿದ್ದಾರೆ. 2011ರ ಸಿನಿಮಾದಲ್ಲಿ ಆ ಸೀನೇ ಮಾಯ.

ಡಾಲ್ಟನ್ ಮೇಲಿರುವ ದೂರು ಒಂದೇ: ವಿಪರೀತ ಚೆಂದ ಇದ್ದಾನೆ. ಕಾದಂಬರಿಯಲ್ಲಿ ರಾಚೆಸ್ಟರ್, ನಾನು ನೋಡಲು ಚೆಂದ ಇದ್ದೇನಾ ಅಂತ ಕೇಳುತ್ತಾನೆ. ಜೇನ್ ಥಟ್ಟನೆ ಇಲ್ಲ ಅನ್ನುತ್ತಾಳೆ. ಡಾಲ್ಟನ್ ಮುಖ ನೋಡಿಕೊಂಡು ಹಾಗೆ ಹೇಳುವವಳ ಕಣ್ಣು ಪರೀಕ್ಷೆ ಮಾಡಿಸಬೇಕು ಅಂತ ನಾನು ಅಂದರೆ ಅಕ್ಕನಿಗೆ ಸಿಟ್ಟು ಬರುತ್ತದೆ. ಜೇನ್ ಆದ ಝೀಲಾ ಕ್ಲಾರ್ಕ್ ಅವನ ಎದುರು ಪುಟ್ಟಗೆ ನಿಂತು, ಸ್ವರ ಏರಿಸದೆ ಉತ್ತರ ಕೊಡುತ್ತಾಳೆ. ಸಪ್ಪೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಲೋವುಡ್‌ನಂಥ ಶಾಲೆಯಲ್ಲಿ ಬೆಳೆದವಳು ಮುಖದಲ್ಲಿ ಎಲ್ಲ ತೋರಿಸಿಕೊಳ್ಳುತ್ತಾಳಾ? ಮುಖ್ಯವಾಗಿ, ಮೂರ್ ಹೌಸ್ ಪೂರ್ತಿ ಇದೆ. ಆಂಡ್ರ್ಯೂ ಬಿಕ್ನೆಲ್ ಮಾಡಿದ ಸೇಂಟ್ ಜಾನ್ ಕೆಟ್ಟವನಲ್ಲ, ಬರೀ ತಣ್ಣಗಿದ್ದಾನೆ. ಮದುವೆಯ ಮಾತನ್ನು ಕೆಲಸದ ಆರ್ಡರ್ ಕೊಟ್ಟ ಹಾಗೆ ಹೇಳುತ್ತಾನೆ. ಜೇನ್ ಉಸಿರುಕಟ್ಟುವುದು ನಮಗೂ ಗೊತ್ತಾಗುತ್ತದೆ.

2006ರ ನಾಲ್ಕು ಕಂತುಗಳು ಈಗ ಎಲ್ಲರ ಮೆಚ್ಚಿನವು. ಸುಸಾನಾ ವೈಟ್ ನಿರ್ದೇಶನ. ಜೇನ್ ಆದ ರೂತ್ ವಿಲ್ಸನ್ ತುಟಿಯ ಕೊನೆಯಲ್ಲೇ ಅರ್ಧ ಡೈಲಾಗ್ ಹೇಳಿ ಮುಗಿಸುತ್ತಾಳೆ. ಸ್ಟೀಫನ್ಸ್ ನಗಿಸುತ್ತಾನೆ, ಇವರಿಬ್ಬರೂ ಸುಮ್ನೆ ಕೂತು ಹರಟೆ ಹೊಡೆದರೂ ನೋಡಬಹುದು. ಜಗಳ ಇರುವುದು ಬೇರೆ ವಿಷಯಕ್ಕೆ. ಮದುವೆ ನಿಂತುಹೋದ ಮೇಲಿನ ಬೀಳ್ಕೊಡುಗೆಯ ಮಾತುಕತೆ ಹಾಸಿಗೆಯ ಮೇಲೆ, ಮುತ್ತುಗಳ ನಡುವೆ ನಡೆಯುತ್ತದೆ. ಪುಸ್ತಕ ಗೊತ್ತಿರುವವರಿಗೆ ಇದು ನುಂಗಲಾರದ ತುತ್ತು. ನಾನೂ ಅವರ ಕಡೆಯೇ. ಮಡಿವಂತಿಕೆಗೆ ಹೇಳುತ್ತಿಲ್ಲ. ಇನ್ನೊಂದು ನಿಮಿಷ ಇದ್ದರೆ ಸೋಲುತ್ತೇನೆ ಅಂತ ಗೊತ್ತಿದ್ದೇ ಜೇನ್ ಹೊರಡುವುದು. ಹಾಸಿಗೆಯ ಮೇಲೆ ಅಷ್ಟು ಹೊತ್ತು ಇದ್ದವಳಿಗೆ ಆ ಭಯ ಎಲ್ಲಿದೆ? ಇನ್ನು ಮೂರ್ ಹೌಸ್ ಕತೆಯ ನಡುನಡುವೆ ಈ ನೆನಪುಗಳನ್ನೇ ತೂರಿಸುತ್ತಾ ಹೋಗುವುದರಿಂದ ಸೇಂಟ್ ಜಾನ್‌ಗೆ ನಮ್ಮ ಗಮನ ಸಿಗುವುದೇ ಇಲ್ಲ.

ನನ್ನ ಲೆಕ್ಕದಲ್ಲಿ ಜಾಣತನ ತೋರಿಸಿದ್ದು 2011ರ ಕ್ಯಾರಿ ಫುಕುನಾಗಾ ಸಿನಿಮಾ. ಎರಡೇ ಗಂಟೆಯ ಸಿನಿಮಾದಲ್ಲಿ ಮೂರ್ ಹೌಸ್ ಕೊನೆಗೆ ಬಂದರೆ ಯಾರಿಗೂ ತಾಳ್ಮೆ ಇರುವುದಿಲ್ಲ. ಅದಕ್ಕೇ ಚಿತ್ರಕಥೆ ಬರೆದ ಮೊಯ್ರಾ ಬಫಿನಿ ಅಲ್ಲಿಂದಲೇ ಶುರು ಮಾಡಿದ್ದಾರೆ. ಮೊದಲ ಸೀನಿನಲ್ಲೇ ಜೇನ್ ಥಾರ್ನ್‌ಫೀಲ್ಡ್ ಬಿಟ್ಟು ಓಡುತ್ತಿದ್ದಾಳೆ. ಮಳೆಯಲ್ಲಿ ನೆಂದು ರಿವರ್ಸ್ ಮನೆ ಸೇರುತ್ತಾಳೆ. ಬಾಲ್ಯ, ರಾಚೆಸ್ಟರ್ ಎಲ್ಲ ಆಮೇಲೆ ನೆನಪಾಗಿ ಬರುತ್ತವೆ. ಜೇಮಿ ಬೆಲ್‌ನ ಸೇಂಟ್ ಜಾನ್ ಹೀಗೆ ಮೊದಲಿಂದಲೇ ನಮ್ಮ ಕಣ್ಣ ಮುಂದಿರುತ್ತಾನೆ. ಹಿಮ ಬೀಳುವ ರಾತ್ರಿ ಬಾಗಿಲು ಬಡಿಯುತ್ತದೆ, ರಾಚೆಸ್ಟರ್ ಒಳಗೆ ಬಂದು ಅವಳನ್ನು ಅಪ್ಪಿಕೊಳ್ಳುತ್ತಾನೆ, ಮರುಕ್ಷಣ ನೋಡಿದರೆ ನಿಂತಿರುವುದು ಸೇಂಟ್ ಜಾನ್. ಪುಸ್ತಕದಲ್ಲಿ ಇದಿಲ್ಲ, ಆದರೆ ಪುಸ್ತಕದ ಮಾತನ್ನೇ ಹೇಳುತ್ತದೆ.

ಮಿಯಾ ವಾಸಿಕೋವ್ಸ್ಕಾಗೆ ಆಗ ಹೆಚ್ಚುಕಡಿಮೆ ಜೇನ್ ವಯಸ್ಸೇ. ಹಾಗಾಗಿ ಫಾಸ್‌ಬೆಂಡರ್ ಎದುರು ಅವಳ ಧೈರ್ಯಕ್ಕೆ ಬೆಲೆ ಬರುತ್ತದೆ. ಅವನೂ ಚೆಂದವೇ, ಆ ದೂರು ಇಲ್ಲೂ ಉಂಟು. ಜೂಡಿ ಡೆಂಚ್ ಥಾರ್ನ್‌ಫೀಲ್ಡ್ ಮನೆ ನೋಡಿಕೊಳ್ಳುವ ಮಿಸೆಸ್ ಫೇರ್‌ಫ್ಯಾಕ್ಸ್ ಆಗಿರುವಾಗ ಅಡುಗೆಮನೆ ಸೀನ್ ಕೂಡ ಬೇಸರ ತರುವುದಿಲ್ಲ. ನನಗೆ ಸಿಟ್ಟು ಬಂದಿದ್ದು ಎರಡು ಕಡೆ. ರಿವರ್ಸ್ ಮನೆಯವರು ಜೇನ್‌ಗೆ ನೆಂಟರು ಅನ್ನುವುದನ್ನೇ ತೆಗೆದುಹಾಕಿದ್ದಾರೆ. ಅನಾಥೆಗೆ ದುಡ್ಡಿಗಿಂತ ಹೆಚ್ಚು ಖುಷಿ ಕೊಟ್ಟಿದ್ದು ಆ ನೆಂಟಸ್ತಿಕೆ ಅಲ್ವಾ? ಇನ್ನೊಂದು ಮುಕ್ತಾಯ. ಮರದ ಕೆಳಗೆ ಇಬ್ಬರೂ ಸೇರಿದರು, ಒಂದೆರಡು ಮಾತು, ಪರದೆ ಕಪ್ಪು. ಕರೆಂಟ್ ಹೋಯಿತೇನೋ ಅಂದುಕೊಂಡೆ.

ಅಂದ ಹಾಗೆ 1996, 2006, 2011 ಮೂರರಲ್ಲೂ ಥಾರ್ನ್‌ಫೀಲ್ಡ್ ಆಗಿರುವುದು ಡಾರ್ಬಿಶೈರ್‌ನ ಹ್ಯಾಡನ್ ಹಾಲ್ ಎಂಬ ಒಂದೇ ಮನೆ. ಒಂದಾದ ಮೇಲೊಂದು ನೋಡಿದರೆ, ಅದೇ ಕಲ್ಲಿನ ಗೋಡೆಗಳ ನಡುವೆ ಬೇರೆ ಬೇರೆ ರಾಚೆಸ್ಟರ್‌ಗಳು ಓಡಾಡುವುದು ಮಜಾ ಇರುತ್ತದೆ.

ಪುಸ್ತಕ ಓದದವರು 2011ರಿಂದ ಶುರು ಮಾಡಬೇಡಿ, ಹಿಂದೆ ಮುಂದೆ ಹೋಗುವ ಕತೆಯಲ್ಲಿ ಗೊಂದಲ ಆಗುತ್ತದೆ. ಅವರಿಗೆ 2006 ಸುಲಭ. ಓದಿದವರು 2011 ನೋಡಿ, ಆಮೇಲೆ ಪುರುಸೊತ್ತು ಮಾಡಿಕೊಂಡು 1983 ನೋಡಿ. ಮೊದಲ ಎರಡು ಕಂತು ಸಹಿಸಿಕೊಂಡರೆ ಸಾಕು, ಮೂರನೆಯದಕ್ಕೆ ನಿಮ್ಮ ಕಣ್ಣು ಆ ಸೆಟ್‌ಗಳಿಗೆ ಒಗ್ಗಿರುತ್ತದೆ. ಡಾಲ್ಟನ್ ಬಗ್ಗೆ ಏನಾದರೂ ಹೇಳುವುದಿದ್ದರೆ ಅಕ್ಕನ ಹತ್ತಿರ ಹೇಳಿ, ನನ್ನ ಹತ್ತಿರ ಬೇಡ.