‘ಎಸ್ಕೇಪ್ ಟು ದ ಕಂಟ್ರಿ’: ನೋಟವೆಲ್ಲ ಸರಿ, ಸೆಪ್ಟಿಕ್ ಟ್ಯಾಂಕ್ ಎಲ್ಲಿದೆ?

ಹಳ್ಳಿಯಲ್ಲಿ ಮನೆ ಹುಡುಕುವವರಿಗೆ ಮನೆ ತೋರಿಸುವ ಬಿಬಿಸಿಯ ಟಿವಿ ಕಾರ್ಯಕ್ರಮ ‘ಎಸ್ಕೇಪ್ ಟು ದ ಕಂಟ್ರಿ’ ಶುರುವಾಗಿದ್ದು 2002ರಲ್ಲಿ. ಅದರ ಚೌಕಟ್ಟು ಅಲ್ಲಿಂದ ಇಲ್ಲಿಯವರೆಗೆ ಹೆಚ್ಚೇನೂ ಬದಲಾಗಿಲ್ಲ. ಪಟ್ಟಣ ಬಿಟ್ಟು ಹಳ್ಳಿಗೆ ಹೋಗಬೇಕೆನ್ನುವ ದಂಪತಿ, ಅವರು ಆರಿಸಿಕೊಂಡ ಒಂದು ಪ್ರದೇಶ, ಮೂರು ಮನೆ. ಅವುಗಳಲ್ಲಿ ಒಂದು ‘ಮಿಸ್ಟರಿ ಹೌಸ್’, ಅಂದರೆ ಅವರು ಕೇಳಿದ್ದಕ್ಕಿಂತ ಬೇರೆ ಥರದ್ದು. ಹಳೇ ಶಾಲೆಯೋ ಗಿರಣಿಯೋ ಮನೆಯಾಗಿ ಬದಲಾದದ್ದಿರಬಹುದು. ಒಳಗೆಲ್ಲ ಸುತ್ತಿ ನೋಡಿದ ಮೇಲೆ ಬೆಲೆ ಎಷ್ಟಿರಬಹುದೆಂದು ದಂಪತಿ ಊಹಿಸುತ್ತಾರೆ, ನಿರೂಪಕರು ನಿಜವಾದ ಬೆಲೆ ಹೇಳುತ್ತಾರೆ. ನಡುವೆ ಆ ಸೀಮೆಯ ಕಸುಬೊಂದರ ಪರಿಚಯ. ಕೊನೆಯಲ್ಲಿ ಎಲ್ಲಾದರೂ ಕೂತು ಮಾತು. ಬಹಳಷ್ಟು ಸಲ ಆ ಮಾತು ಮುಗಿಯುವುದು “ಯೋಚನೆ ಮಾಡಬೇಕು” ಎಂಬಲ್ಲಿಗೆ.

ನೋಡುವವರ ಸಿಟ್ಟೆಲ್ಲ ಈ ಕೊನೆಯ ಮಾತಿನ ಮೇಲೆ. ಇಷ್ಟು ಚೆಂದದ ಮನೆ ತೋರಿಸಿದರೂ ಕೊಳ್ಳುವುದಿಲ್ಲವಲ್ಲ, ಇವರು ನಿಜವಾಗಿ ಮನೆ ಹುಡುಕುತ್ತಿದ್ದಾರೋ ಅಥವಾ ಟಿವಿಯಲ್ಲಿ ಕಾಣಿಸಿಕೊಳ್ಳಲು ಬಂದವರೋ ಎಂಬ ಅನುಮಾನ ಹಳೆಯದು. ಅದಕ್ಕೆ ಬಲ ಬಂದದ್ದು ಬೇರೆ ದೇಶದ ಬೇರೆ ಕಾರ್ಯಕ್ರಮದಿಂದ. ಅಮೆರಿಕದ ‘ಹೌಸ್ ಹಂಟರ್ಸ್’ನಲ್ಲಿ ಭಾಗವಹಿಸಿದ್ದವರೊಬ್ಬರು 2012ರಲ್ಲಿ ಒಳಗಿನ ಸಂಗತಿ ಹೊರಹಾಕಿದರು: ಮನೆ ಮೊದಲೇ ಗೊತ್ತುಮಾಡಿಕೊಂಡಾಗಿತ್ತು, ಜೊತೆಗೆ ತೋರಿಸಿದ ಬೇರೆ ಮನೆಗಳು ಸ್ನೇಹಿತರವು, ಮಾರಾಟಕ್ಕೇ ಇರಲಿಲ್ಲ. ಅಲ್ಲಿಂದಾಚೆ ಈ ಬಗೆಯ ಯಾವ ಕಾರ್ಯಕ್ರಮವನ್ನೂ ಜನ ಪೂರ್ತಿ ನಂಬುವುದಿಲ್ಲ.

ಆದರೆ ‘ಎಸ್ಕೇಪ್’ ವಿಷಯದಲ್ಲಿ ಕೊಳ್ಳದೆ ಹೋಗುವುದೇ ಅದರ ಅತ್ಯಂತ ಪ್ರಾಮಾಣಿಕ ಭಾಗ. ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ಕ್ರಮವೇ ಹಾಗಿದೆ. ಬೆಲೆ ಹೇಳಿ, ಮಾರುವವರು ಒಪ್ಪಿದರೂ ‘ಎಕ್ಸ್‌ಚೇಂಜ್’ ಆಗುವ ತನಕ, ಅಂದರೆ ಸಹಿ ಮಾಡಿದ ಕರಾರುಗಳನ್ನು ಎರಡೂ ಕಡೆಯ ವಕೀಲರು ಅದಲುಬದಲು ಮಾಡಿಕೊಳ್ಳುವ ತನಕ, ಯಾರನ್ನೂ ಕಾನೂನು ಕಟ್ಟಿಹಾಕುವುದಿಲ್ಲ. ಅಷ್ಟರಲ್ಲಿ ಸರ್ವೆ (ಅಂದರೆ ಮನೆಯ ಸ್ಥಿತಿಯ ತಪಾಸಣೆ), ಸಾಲದ ಮಂಜೂರಾತಿ, ಕೌನ್ಸಿಲ್ ದಾಖಲೆಗಳ ಹುಡುಕಾಟ ಎಂದು ತಿಂಗಳುಗಟ್ಟಲೆ ಹೋಗುತ್ತದೆ. ಪಟ್ಟಣದ ಮನೆ ಮಾರಿಯೇ ಹಳ್ಳಿಯ ಮನೆ ಕೊಳ್ಳಬೇಕಾದವರಿಗೆ ತಮ್ಮ ಮನೆ ಕೊಳ್ಳುವವರು, ಅವರ ಮನೆ ಕೊಳ್ಳುವವರು ಎಂದು ಸರಪಳಿ ಬೆಳೆಯುತ್ತದೆ. ಎಲ್ಲೋ ಒಂದು ಕೊಂಡಿ ಕಳಚಿದರೆ ಉಳಿದವರೆಲ್ಲ ಮೊದಲಿನ ಜಾಗಕ್ಕೆ. ಇಂಥ ವ್ಯವಸ್ಥೆಯಲ್ಲಿ ಒಂದು ಸುತ್ತು ನೋಡಿದ ಕೂಡಲೇ ಒಬ್ಬರು “ತಗೊಂಡ್ವಿ” ಅಂದಿದ್ದರೆ ಅನುಮಾನ ಪಡಬೇಕಿತ್ತು. ಸ್ಕಾಟ್ಲೆಂಡಿನ ಪದ್ಧತಿ ಬೇರೆ. ಅಲ್ಲಿ ಸರ್ವೆ ವರದಿ ಸೇರಿದ ‘ಹೋಮ್ ರಿಪೋರ್ಟ್’ ಅನ್ನು ಮಾರುವವರೇ ಮೊದಲು ಸಿದ್ಧಮಾಡಬೇಕು. ಹಾಗಾಗಿ ಅಲ್ಲಿಯ ಕಂತು ನೋಡಿ ಇಂಗ್ಲೆಂಡಿನ ಲೆಕ್ಕ ಹಾಕಬಾರದು.

ಹಾಗಾದರೆ ಕಾರ್ಯಕ್ರಮದ ದೋಷ ಎಲ್ಲಿದೆ? ಅಡುಗೆಮನೆ, ಹಿತ್ತಿಲು, ಮಲಗುವ ಕೋಣೆಯ ಕಿಟಕಿಯಿಂದ ಕಾಣುವ ಗುಡ್ಡ, ಇಷ್ಟರಲ್ಲೇ ಅದು ಮನೆಯೊಂದನ್ನು ಅಳೆದು ಮುಗಿಸಿಬಿಡುತ್ತದೆ. ಹಳ್ಳಿಯ ಮನೆ ದುಡ್ಡು ನುಂಗುವ ಜಾಗಗಳು ಇವಲ್ಲ.

ಮೊದಲು ಚರಂಡಿ. ದೊಡ್ಡ ಚರಂಡಿ ವ್ಯವಸ್ಥೆಗೆ ಸೇರದ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಇರುತ್ತದೆ, ಇಲ್ಲವೇ ಕೊಳಚೆ ಶುದ್ಧೀಕರಿಸುವ ಪುಟ್ಟ ಘಟಕ ಇರುತ್ತದೆ. ಹಿತ್ತಿಲ ಅಂಚಿನಲ್ಲಿ ತೊರೆ ಹರಿಯುವ ಮನೆಯೆಂದರೆ ಈ ಕಾರ್ಯಕ್ರಮಕ್ಕೆ ಎಲ್ಲಿಲ್ಲದ ಪ್ರೀತಿ. ಅಲ್ಲೇ ಎಚ್ಚರ ಬೇಕು. ಇಂಗ್ಲೆಂಡಿನಲ್ಲಿ 2015ರಲ್ಲಿ ಬಂದ ನಿಯಮದ ಪ್ರಕಾರ ಸೆಪ್ಟಿಕ್ ಟ್ಯಾಂಕಿನ ನೀರನ್ನು ನೇರವಾಗಿ ತೊರೆಗೋ ಹಳ್ಳಕ್ಕೋ ಬಿಡುವಂತಿಲ್ಲ. ಹಾಗೆ ಬಿಡುತ್ತಿದ್ದ ಹಳೆಯ ಟ್ಯಾಂಕುಗಳನ್ನು 2020ರ ಜನವರಿ 1ರೊಳಗೆ ಬದಲಿಸಬೇಕಿತ್ತು. ಎಲ್ಲರೂ ಬದಲಿಸಿಲ್ಲ, ಮನೆ ಮಾರುವಾಗ ಆ ಖರ್ಚು ಚೌಕಾಸಿಗೆ ಬರುತ್ತದೆ. ನೀರನ್ನು ನೆಲಕ್ಕೆ ಇಂಗಿಸುವುದಾದರೆ ಹೊಸದಾಗಿ ಮಾಡುವ ಇಂಗುಜಾಗ ತೊರೆಯಿಂದ ಕನಿಷ್ಠ 10 ಮೀಟರ್, ಯಾವುದೇ ಕಟ್ಟಡದಿಂದ 15 ಮೀಟರ್, ಕುಡಿಯುವ ನೀರೆತ್ತುವ ಬೋರ್‌ವೆಲ್‌ನಿಂದ 50 ಮೀಟರ್ ದೂರ ಇರಬೇಕು. ಟ್ಯಾಂಕಿನ 30 ಮೀಟರ್ ಒಳಗೆ ಲಾರಿ ಬಂದು ನಿಲ್ಲುವಂತಿರಬೇಕು, ಇಲ್ಲದಿದ್ದರೆ ತುಂಬಿದ್ದನ್ನು ಖಾಲಿ ಮಾಡಿಸುವುದೇ ಕಷ್ಟ. ಟಿವಿಯಲ್ಲಿ ಮುದ್ದಾಗಿ ಕಾಣುವ ಕಿರಿದಾದ ಹಿತ್ತಿಲಲ್ಲಿ ಈ ಅಳತೆಗಳನ್ನು ಮನಸ್ಸಿನಲ್ಲೇ ಹಾಕಿ ನೋಡಿ. ಎಷ್ಟೋ ಮನೆಗಳಲ್ಲಿ ಜಾಗ ಸಾಲುವುದಿಲ್ಲ. ಆಗ ಶುದ್ಧೀಕರಣ ಘಟಕವನ್ನೇ ಹಾಕಬೇಕು, ಅದಕ್ಕೆ ಸಾಮಾನ್ಯವಾಗಿ ಕರೆಂಟೂ ಬೇಕು, ವರ್ಷ ವರ್ಷ ಸರ್ವೀಸೂ ಬೇಕು.

ಎರಡನೆಯದು ಕಾವು. ಹಳ್ಳಿಗಳಲ್ಲಿ ಪೈಪಿನ ಗ್ಯಾಸ್ ಇಲ್ಲದ ಮನೆಗಳು ಬಹಳ. ಅಲ್ಲಿ ಸೀಮೆಎಣ್ಣೆಯ ಜಾತಿಯ ಹೀಟಿಂಗ್ ಆಯಿಲ್ ಉರಿಸುತ್ತಾರೆ. ಹೆಚ್ಚಿನ ವ್ಯಾಪಾರಿಗಳು 500 ಲೀಟರಿಗಿಂತ ಕಡಿಮೆ ತಂದುಹಾಕುವುದಿಲ್ಲ, ಅಂದರೆ ಚಳಿಗಾಲದ ಖರ್ಚು ಕಂತುಕಂತಾಗಿ ಹೋಗುವುದಿಲ್ಲ, ಒಂದೇ ಸಲಕ್ಕೆ ಕೈಯಿಂದ ಹೋಗುತ್ತದೆ. ಗ್ಯಾಸ್ ಮತ್ತು ಕರೆಂಟಿಗೆ ಸರ್ಕಾರಿ ನಿಯಂತ್ರಕ ಆಫ್‌ಜೆಮ್ ಹಾಕುವ ಬೆಲೆಮಿತಿ ಎಣ್ಣೆಗೆ ಅನ್ವಯಿಸುವುದಿಲ್ಲ. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದಿಂದ ಎಣ್ಣೆ ಬೆಲೆ ಏಕಾಏಕಿ ಏರಿದಾಗ ಈ ಮನೆಗಳಿಗೆ ಬಿದ್ದ ಪೆಟ್ಟು ದೊಡ್ಡದು. ಎಣ್ಣೆ ಟ್ಯಾಂಕ್ ಎರಡು ಪದರದ್ದೇ ಎಂದೂ ನೋಡಬೇಕು. ಒಂದೇ ಪದರದ ಹಳೇ ಪ್ಲಾಸ್ಟಿಕ್ ಟ್ಯಾಂಕ್ ಬಿಸಿಲಿಗೆ ಬಿರುಕು ಬಿಟ್ಟು ಎಣ್ಣೆ ಮಣ್ಣಿಗಿಳಿದರೆ ಶುಚಿ ಮಾಡಿಸುವ ಖರ್ಚಿಗೆ ಕೊನೆಯಿಲ್ಲ. ಕಾರ್ಯಕ್ರಮದಲ್ಲಿ ಇದರ ಬದಲು ಕಾಣುವುದು ಸೌದೆ ಒಲೆ. ಅದು ಒಂದು ಕೋಣೆ ಬೆಚ್ಚಗಿಡುತ್ತದೆ ಅಷ್ಟೆ.

ಹುಲ್ಲು ಮಾಡಿನ ಮನೆ ಬಂದರೆ ಹಿನ್ನೆಲೆ ಸಂಗೀತವೇ ಬದಲಾಗುತ್ತದೆ. ಜೊಂಡಿನ ಮಾಡು ಚೆನ್ನಾಗಿ ಹೊದಿಸಿದ್ದರೆ 25ರಿಂದ 40 ವರ್ಷ ಬಾಳುತ್ತದೆ, ಗೋಧಿ ಹುಲ್ಲಿನದು ಅದಕ್ಕಿಂತ ಕಡಿಮೆ. ಆದರೆ ನೆತ್ತಿಯ ಸಾಲನ್ನು 10ರಿಂದ 15 ವರ್ಷಕ್ಕೊಮ್ಮೆ ಹೊಸದು ಮಾಡಿಸಲೇಬೇಕು. ಕೊನೆಯ ಸಲ ಮಾಡಿಸಿದ್ದು ಯಾವಾಗ ಎಂಬ ಒಂದೇ ಪ್ರಶ್ನೆಯಿಂದ ಸಾವಿರಾರು ಪೌಂಡಿನ ಅಂದಾಜು ಸಿಗುತ್ತದೆ. ಹೊಗೆಕೊಳವೆಯ ಬಾಯಿ ಮಾಡಿನ ನೆತ್ತಿಗಿಂತ 1.8 ಮೀಟರಾದರೂ ಮೇಲಿರಬೇಕೆಂಬುದು ರೂಢಿಯ ಸಲಹೆ. ಕೊಳವೆ ಗುಡಿಸಿದ ರಸೀದಿ, ವೈರಿಂಗ್ ತಪಾಸಣೆಯ ಪತ್ರ ಇಲ್ಲದೆ ವಿಮೆ ಕೊಡಲು ಹಿಂದೇಟು ಹಾಕುವ ಕಂಪನಿಗಳಿವೆ. ಹಾಗಾಗಿ ಬೆಲೆ ಹೇಳುವ ಮೊದಲೇ ವಿಮೆಯ ದರ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಇಡೀ ಕಾರ್ಯಕ್ರಮದಲ್ಲಿ ಅತ್ಯಂತ ಅಪಾಯದ ಮಾತು ಯಾವುದೆಂದರೆ “ಈ ಗೋಡೆ ಒಡೆದರೆ ದೊಡ್ಡ ಅಡುಗೆಮನೆ ಆಗುತ್ತೆ” ಎನ್ನುವುದು. ಕಂತಿನಿಂದ ಕಂತಿಗೆ ಕೇಳಿಬರುತ್ತದೆ, ಕೆಲವೊಮ್ಮೆ ನಿರೂಪಕರ ಬಾಯಲ್ಲೇ. ಆ ಮನೆ ‘ಲಿಸ್ಟೆಡ್’, ಅಂದರೆ ಸಂರಕ್ಷಿತ ಕಟ್ಟಡವಾಗಿದ್ದರೆ, ಅದರ ಚಹರೆಯ ಮೇಲೆ ಪರಿಣಾಮ ಬೀರುವ ಯಾವ ಬದಲಾವಣೆಯನ್ನೂ ಅನುಮತಿಯಿಲ್ಲದೆ ಮಾಡುವುದು ಕ್ರಿಮಿನಲ್ ಅಪರಾಧ. ಗ್ರೇಡ್ 1, ಗ್ರೇಡ್ 2 ಸ್ಟಾರ್, ಗ್ರೇಡ್ 2 ಎಂಬ ಮೂರು ದರ್ಜೆಗಳಿವೆ, ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಕಟ್ಟಡಗಳು ಕೊನೆಯ ದರ್ಜೆಯವು. ಕೆಳಗಿನ ದರ್ಜೆ ಎಂದಮಾತ್ರಕ್ಕೆ ಒಳಗಿನದು ನಮ್ಮಿಷ್ಟ ಎಂದಲ್ಲ. ಮೂರರಲ್ಲೂ ರಕ್ಷಣೆ ಒಳಗೂ ಹೊರಗೂ ಒಂದೇ. ಅಂಗಳದಲ್ಲಿ 1948ರ ಜುಲೈ 1ಕ್ಕೂ ಮೊದಲು ಕಟ್ಟಿದ ಕೊಟ್ಟಿಗೆ, ಕಾಂಪೌಂಡ್ ಗೋಡೆಗಳೂ ಬಹುಮಟ್ಟಿಗೆ ಇದರೊಳಗೇ ಬರುತ್ತವೆ. ಇನ್ನೂ ಕೆಟ್ಟದ್ದೆಂದರೆ ಹಿಂದಿನ ಮಾಲೀಕರು ಕದ್ದುಮುಚ್ಚಿ ಮಾಡಿದ ಬದಲಾವಣೆ. ಅಪರಾಧ ಅವರದ್ದು, ಆದರೆ ಮೊದಲಿನಂತೆ ಮಾಡಿಕೊಡಿ ಎಂಬ ನೋಟಿಸ್ ಬರುವುದು ಈಗಿನ ಮಾಲೀಕರಿಗೆ, ಅದಕ್ಕೆ ಕಾಲಮಿತಿಯೂ ಇಲ್ಲ. ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿ ಕಂಡರೆ ಅನುಮತಿ ಪತ್ರ ಕೇಳಿ. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಸಂರಕ್ಷಿತ ಕಟ್ಟಡಗಳ ಪಟ್ಟಿಯನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು, ಎರಡು ನಿಮಿಷದ ಕೆಲಸ.

ಗೋಡೆಯ ತೇವದ ವಿಷಯವೂ ಇದಕ್ಕೆ ಅಂಟಿಕೊಂಡದ್ದು. ಹಳೆಯ ಕಲ್ಲಿನ ಗೋಡೆ ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಗೋಡೆ ಹೀರಿದ ನೀರು ಆ ಗಾರೆಯ ಮೂಲಕವೇ ಆರುತ್ತದೆ. ಯಾರೋ ಮೇಲಿನಿಂದ ಸಿಮೆಂಟ್ ಬಳಿದಿದ್ದರೆ ನೀರು ಒಳಗೇ ಉಳಿದು ಬೂಸಲು ಹಿಡಿಯುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಹೊಸ ಬಿಳಿ ಬಣ್ಣ ಹೊಡೆದ ಗೋಡೆ ಟಿವಿಯಲ್ಲಿ ಚೆಂದ ಕಾಣುತ್ತದೆ, ಅದರ ವಾಸನೆ ಬರುವುದಿಲ್ಲ. ಇಂಥ ಮನೆಗೆ ಸರ್ವೆ ಮಾಡುವವರ ವೃತ್ತಿಸಂಸ್ಥೆಯಾದ ಆರ್‌ಐಸಿಎಸ್‌ನ ಸದಸ್ಯರಿಂದ ಮೂರನೇ ಹಂತದ, ಅಂದರೆ ಅತಿ ವಿವರವಾದ, ಸರ್ವೆಯೇ ಬೇಕು. ಅದರಲ್ಲೂ ನೆಲದಡಿಯ ಚರಂಡಿಯನ್ನು ಅಗೆದು ನೋಡುವುದಿಲ್ಲ, ಕ್ಯಾಮೆರಾ ಇಳಿಸಿ ನೋಡುವ ಚರಂಡಿ ಸರ್ವೆಯನ್ನು ಬೇರೆಯಾಗಿ ಮಾಡಿಸಬೇಕು. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಾದರೆ ಇನ್ನೊಂದು: ಗಣಿಯ ತ್ಯಾಜ್ಯಕಲ್ಲು ಸೇರಿಸಿ ಮಾಡಿದ ಹಳೇ ಕಾಂಕ್ರೀಟಿಗೆ ಅಲ್ಲಿ ‘ಮಂಡಿಕ್’ ಅನ್ನುತ್ತಾರೆ. ಕಾಲ ಕಳೆದಂತೆ ಅದು ಪುಡಿಯಾಗುತ್ತದೆ. 1950ಕ್ಕೆ ಹಿಂದಿನ ಕಾಂಕ್ರೀಟ್ ಮನೆಗೆ ಮಂಡಿಕ್ ಪರೀಕ್ಷೆಯ ವರದಿ ಇಲ್ಲದೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಡೆವನ್ ಮತ್ತು ಕಾರ್ನ್‌ವಾಲ್‌ನಲ್ಲಿ ನೆಲದಿಂದ ಏಳುವ, ವಿಕಿರಣ ಸೂಸುವ ರೇಡಾನ್ ಅನಿಲವೂ ಹೆಚ್ಚು. ಮೂರು ತಿಂಗಳು ಮನೆಯಲ್ಲಿಡುವ ಪುಟ್ಟ ಅಳತೆಪೆಟ್ಟಿಗೆಯಿಂದ ಅದು ಗೊತ್ತಾಗುತ್ತದೆ.

“ಜೊತೆಗೆ ಎರಡು ಎಕರೆ ಜಮೀನು” ಎಂದಾಗ ದಂಪತಿಯ ಕಣ್ಣರಳುತ್ತದೆ. ಎಂಬತ್ತು ಗುಂಟೆಯ ಲೆಕ್ಕ ನಮ್ಮವರಿಗೂ ಸಂತೋಷ ಕೊಡುತ್ತದೆ. ಆದರೆ ಅಲ್ಲೂ ಕೃಷಿಭೂಮಿಗೆ ಅದರದೇ ಕಟ್ಟುಪಾಡು. ನಮ್ಮಲ್ಲಿ ಸಾಮಾನ್ಯವಾಗಿ ಭೂಪರಿವರ್ತನೆ ಇಲ್ಲದೆ ಮನೆ ಕಟ್ಟುವಂತಿಲ್ಲವಲ್ಲ, ಹಾಗೆ ಅಲ್ಲಿ ಹೊಲವನ್ನು ಹೂದೋಟ ಮಾಡಿಕೊಳ್ಳಲೂ ಬಳಕೆ ಬದಲಾವಣೆಗೆ ಅನುಮತಿ ಬೇಕು. ಕುದುರೆ ಸಾಕುವವರಿಗೆ ಬ್ರಿಟಿಷ್ ಹಾರ್ಸ್ ಸೊಸೈಟಿ ಹೇಳುವ ಅಂದಾಜು ಒಂದು ಕುದುರೆಗೆ ಒಂದರಿಂದ ಒಂದೂವರೆ ಎಕರೆ ಮೇವುಜಾಗ. ಒಂದೇ ಒಂದು ಕುರಿ, ಮೇಕೆ ಅಥವಾ ಹಂದಿ ಸಾಕಿದರೂ ಜಮೀನಿಗೆ ಸಿಪಿಎಚ್ ನಂಬರ್, ಅಂದರೆ ಜಾನುವಾರು ಸಾಕುವ ಜಾಗದ ಸರ್ಕಾರಿ ಗುರುತಿನ ಸಂಖ್ಯೆ, ಪಡೆಯಬೇಕು. 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಿತ್ತಿಲಲ್ಲಿ ಒಂದು ಕೋಳಿ ಇಟ್ಟರೂ ನೋಂದಣಿ ಕಡ್ಡಾಯ. ಜಮೀನಿನ ನಡುವೆ ಸಾರ್ವಜನಿಕ ಕಾಲುದಾರಿ ಹಾದುಹೋಗಿದೆಯೇ ಎಂದೂ ನೋಡಬೇಕು. ಇದ್ದರೆ ಮುಚ್ಚುವಂತಿಲ್ಲ.

ಬೆಲೆ ಊಹಿಸುವ ಆಟ ನೋಡಲು ಮಜವೇ. ಆದರೆ ಅದು ಹೇಳುವುದು ಮಾರುವವರು ಕೇಳುವ ಬೆಲೆಯನ್ನು ಮಾತ್ರ. 6 ಲಕ್ಷ ಪೌಂಡಿನ ಮನೆಗೆ 2025ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಬೀಳುವ ಸ್ಟ್ಯಾಂಪ್ ಡ್ಯೂಟಿ ಹೀಗಿದೆ: ಮೊದಲ 1,25,000ಕ್ಕೆ ಇಲ್ಲ, ಮುಂದಿನ 1,25,000ಕ್ಕೆ ಶೇ. 2ರಂತೆ 2,500, ಉಳಿದ 3,50,000ಕ್ಕೆ ಶೇ. 5ರಂತೆ 17,500, ಒಟ್ಟು 20,000 ಪೌಂಡ್. ಹಳೇ ಮನೆ ಮಾರುವ ಮೊದಲೇ ಇದನ್ನು ಕೊಂಡರೆ ಪೂರ್ತಿ ಬೆಲೆಯ ಮೇಲೆ ಇನ್ನೂ ಶೇ. 5, ಅಂದರೆ 30,000 ಸೇರುತ್ತದೆ. ಮೂರು ವರ್ಷದೊಳಗೆ ಹಳೇ ಮನೆ ಮಾರಿದರೆ ಅದನ್ನು ವಾಪಸ್ ಕೇಳಬಹುದು, ಆದರೆ ಅಲ್ಲಿಯವರೆಗೆ ಕೈಯಲ್ಲಿ ದುಡ್ಡಿರಬೇಕು.

ಮನೆಯಿಂದಲೇ ಕೆಲಸ ಮಾಡುವ ಐಟಿಯವರು, ಅವರಲ್ಲಿ ಕನ್ನಡಿಗರೂ ಇದ್ದೀರಿ, ಇಂಟರ್ನೆಟ್ ವೇಗವನ್ನು ದೂರಸಂಪರ್ಕ ನಿಯಂತ್ರಕ ಆಫ್‌ಕಾಮ್‌ನ ತಾಣದಲ್ಲಿ ಪಿನ್‌ಕೋಡ್ ಹಾಕಿ ನೀವೇ ನೋಡಿಕೊಳ್ಳಿ. ಕಾನೂನು ಕೊಡುವ ಕನಿಷ್ಠ ಹಕ್ಕು ಸೆಕೆಂಡಿಗೆ 10 ಮೆಗಾಬಿಟ್ ಮಾತ್ರ. ಬಸ್ಸು ಎಷ್ಟು ಹೊತ್ತಿಗೊಂದು, ಹತ್ತಿರದ ಡಾಕ್ಟರ ಬಳಿ ಹೊಸಬರನ್ನು ಸೇರಿಸಿಕೊಳ್ಳುತ್ತಾರೆಯೇ ಎಂಬುದನ್ನೂ ಕೇಳಿ. ಹಸಿರು ತುಂಬಿದ ಚಿತ್ರ ನೋಡಿ ಮನಸೋತಿದ್ದರೆ ಡಿಸೆಂಬರಿನಲ್ಲಿ ಒಮ್ಮೆ ಹೋಗಿಬನ್ನಿ. ಸಂಜೆ ನಾಲ್ಕರ ಹೊತ್ತಿಗೇ ಕತ್ತಲು, ಬೀದಿದೀಪ ಇಲ್ಲದ ಹಳ್ಳಿಗಳೇ ಹೆಚ್ಚು.

ಇಷ್ಟೆಲ್ಲ ಹೇಳಿದ ಮೇಲೂ ಈ ಕಾರ್ಯಕ್ರಮ ನೋಡುವಂಥದ್ದೇ. ಐದಕ್ಕೆ ಮೂರು ಕೊಡಬಹುದು. ಒಂದು ಸೀಮೆಯ ಕಲ್ಲು ಯಾವ ಬಣ್ಣದ್ದು, ಮಾಡು ಯಾವ ಇಳಿಜಾರಿನದು, ಅಲ್ಲಿಯವರು ಏನು ಬೆಳೆಯುತ್ತಾರೆ, ಏನು ನೇಯುತ್ತಾರೆ ಎಂಬುದನ್ನು ಇಷ್ಟು ತಾಳ್ಮೆಯಿಂದ ತೋರಿಸುವ ಕಾರ್ಯಕ್ರಮಗಳು ಕಡಿಮೆ. ಮನೆ ಕೊಂಡಾದ ಮೇಲಿನ ಬದುಕು ನೋಡಬೇಕೆಂದರೆ ಇದೇ ತಂಡದ ‘ಐ ಎಸ್ಕೇಪ್ಡ್ ಟು ದ ಕಂಟ್ರಿ’ ನೋಡಿ. ಹಳ್ಳಿಗೆ ಹೋಗಿ ನೆಲೆಸಿದವರ ಮನೆಗೆ ಮತ್ತೆ ಭೇಟಿ ಕೊಡುತ್ತಾರೆ. ಬೆಲೆ ಚೌಕಾಸಿ ಹೇಗೆ ನಡೆಯುತ್ತದೆಂದು ತಿಳಿಯಲು ಚಾನೆಲ್ 4ರ ‘ಲೊಕೇಶನ್, ಲೊಕೇಶನ್, ಲೊಕೇಶನ್’ ಮೇಲು. ಅದರಲ್ಲಿ ಏಜೆಂಟರ ಜೊತೆ ಫೋನಿನಲ್ಲಿ ನಡೆಯುವ ಮಾತುಕತೆಯನ್ನೂ ತೋರಿಸುತ್ತಾರೆ.

‘ಎಸ್ಕೇಪ್’ ತಂಡದಿಂದ ಕೇಳಬೇಕಾದ್ದು ಮನೆಗೊಂದು ನಿಮಿಷ ಅಷ್ಟೆ. ಅಡುಗೆಮನೆಯಿಂದ ಹೊರಬಂದ ಮೇಲೆ ಕ್ಯಾಮೆರಾ ಹಿತ್ತಿಲಿಗೆ ಹೋಗಿ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ, ಎಣ್ಣೆ ಟ್ಯಾಂಕ್, ಬಾಯ್ಲರ್ ಮೇಲಿನ ಸರ್ವೀಸ್ ಚೀಟಿ ತೋರಿಸಲಿ, ಬೆಲೆ ಊಹಿಸುವುದು ಆಮೇಲೆ.